ಹೆಸರು ಅಳಿಸಿದರೂ ಉಳಿಯುವ ಗುರುತು

(ಕುಟುಂಬ ಸಮಾವೇಶವೊಂದರಲ್ಲಿ ನೀಡಿದ ಉಪನ್ಯಾಸದ ಲಿಖಿತ ರೂಪ)



ದಿನಕ್ಕೆ 10,000 ಹೆಜ್ಜೆ ನಡೆಯಬೇಕೆಂಬ ಮಾತು ಇಂದು ಮುಂಬಯಿಯ ಫ್ಲ್ಯಾಟಿನಿಂದ ಬೆಳಗಾವಿಯ ಹಳ್ಳಿಯವರೆಗೆ ಆಪ್ತವಾಕ್ಯದಂತೆ ಹರಡಿದೆ. ರಾತ್ರಿ ಹತ್ತು ಗಂಟೆಗೆ ಇನ್ನೂ ಎಂಟುನೂರು ಹೆಜ್ಜೆ ಬಾಕಿಯಿದೆಯೆಂದು ಹಾಲಿನಲ್ಲಿ ಗಾಣದೆತ್ತಿನಂತೆ ಸುತ್ತುವ ಗೃಹಸ್ಥರು ಪ್ರತಿ ಮನೆಯಲ್ಲೂ ಒಬ್ಬರಾದರೂ ಇದ್ದಾರೆ. ಈ ಸಂಖ್ಯೆಯನ್ನು ವಿಧಿಸಿದವರು ಯಾರು? ವೈದ್ಯರಲ್ಲ. 1964ರ ಟೋಕಿಯೊ ಒಲಿಂಪಿಕ್ಸ್ ಮುಗಿದ ಮರುವರ್ಷ, ಅಂದರೆ 1965ರಲ್ಲಿ, ಜಪಾನಿನ ಯಾಮಾಸಾ ಎಂಬ ಸಂಸ್ಥೆ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆಮಾಪಕವೊಂದನ್ನು ಮಾರುಕಟ್ಟೆಗೆ ತಂದು ಅದಕ್ಕೆ 'ಮನ್ಪೋ-ಕೇ' ಎಂದು ಹೆಸರಿಟ್ಟಿತು. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂಬುದೇ ಆ ಹೆಸರಿನ ಅರ್ಥ. ವ್ಯಾಪಾರದ ಹೆಸರು ಅರ್ಧ ಶತಮಾನದಲ್ಲಿ ವೈದ್ಯಕೀಯ ನಿಯಮದ ಪದವಿಗೇರಿತು. ಹಾರ್ವರ್ಡಿನ ಐ-ಮಿನ್ ಲೀ ಮತ್ತು ಸಂಗಡಿಗರು 2019ರಲ್ಲಿ ಪ್ರಕಟಿಸಿದ ಅಧ್ಯಯನವು ಸರಾಸರಿ 72 ವರ್ಷದ ಸುಮಾರು 16,700 ಮಹಿಳೆಯರ ಹೆಜ್ಜೆಗಳನ್ನು ಅಳೆದು ನೋಡಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ನಡೆಯುವವರಲ್ಲಿ ಮರಣದ ಪ್ರಮಾಣ ಸ್ಪಷ್ಟವಾಗಿ ಕಡಿಮೆಯಿತ್ತು. 7,500ರ ಆಚೆಗೆ ಹೆಚ್ಚಿನ ಲಾಭ ಕಾಣಲಿಲ್ಲ. ಅಜ್ಜಿಯಂದಿರು ರಾತ್ರಿಯ ಆ ಎಂಟುನೂರನ್ನು ನಿಶ್ಚಿಂತೆಯಿಂದ ಬಿಡಬಹುದು.

ಈ ಸಣ್ಣ ಕುತೂಹಲದ ಸಂಗತಿಯನ್ನು ಮೊದಲಿಗೇ ಹೇಳಿದ್ದಕ್ಕೆ ಕಾರಣವಿದೆ. ಕೈಗೆ ಕಟ್ಟಿದ ಯಂತ್ರವು ತೋರಿಸುವ ಅಂಕಿಗೆ ಜನ ಕೊಡುವ ಗೌರವ, ಆ ಅಂಕಿ ಎಲ್ಲಿಂದ ಬಂತು ಎಂಬ ವಿಚಾರಣೆಯನ್ನೇ ಮರೆಸುತ್ತದೆ. ಅದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯಂತೂ ಹುಟ್ಟುವುದೇ ಇಲ್ಲ.

ಯಂತ್ರದ ಕೆಲಸವೇನೋ ಸರಳ. ಗಡಿಯಾರದ ತಳದಲ್ಲಿ ಮಿನುಗುವ ಹಸಿರು ಬೆಳಕು ಚರ್ಮದೊಳಕ್ಕೆ ಇಳಿಯುತ್ತದೆ. ರಕ್ತವು ಹಸಿರನ್ನು ಹೀರಿಕೊಳ್ಳುತ್ತದೆ. ಹೃದಯದ ಪ್ರತಿ ಬಡಿತಕ್ಕೂ ಮಣಿಕಟ್ಟಿನ ರಕ್ತ ಏರಿಳಿಯುವುದರಿಂದ ಮರಳಿ ಬರುವ ಬೆಳಕೂ ಏರಿಳಿಯುತ್ತದೆ. ಆ ಅಲೆಯನ್ನು ಎಣಿಸಿದರೆ ನಾಡಿ. ಹೆಜ್ಜೆಯ ಎಣಿಕೆ ಚಲನೆಯ ವೇಗ ಬದಲಾಗುವುದನ್ನು ಗುರುತಿಸುವ ಸೂಕ್ಷ್ಮ ಚಿಪ್ಪಿನದು. ಅದಕ್ಕೆ ಕಾಲಿನ ಪರಿಚಯವಿಲ್ಲ, ಕೈಯ ಪರಿಚಯ ಮಾತ್ರ. ಆದ್ದರಿಂದ ಜೋಳದ ರೊಟ್ಟಿ ತಟ್ಟುವಾಗ ಕುಳಿತಲ್ಲೇ ಕೆಲವು ಹೆಜ್ಜೆ ಜಮಾ ಆಗುವುದೂ, ಮಾಲಿನಲ್ಲಿ ತಳ್ಳುಗಾಡಿ ಹಿಡಿದು ನಡೆದ ಅರ್ಧ ಗಂಟೆ ಲೆಕ್ಕಕ್ಕೆ ಸಿಗದೆ ಹೋಗುವುದೂ ಅಚ್ಚರಿಯಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಂಡವೊಂದು 2017ರಲ್ಲಿ ಏಳು ಬಗೆಯ ಮಣಿಕಟ್ಟಿನ ಯಂತ್ರಗಳನ್ನು 60 ಜನರ ಮೇಲೆ ಪರೀಕ್ಷಿಸಿತು. ನಾಡಿಯನ್ನು ಆರು ಯಂತ್ರಗಳು ಶೇಕಡಾ 5ರೊಳಗಿನ ತಪ್ಪಿನಲ್ಲಿ ಅಳೆದವು. ಆದರೆ ಕರಗಿದ ಕ್ಯಾಲೊರಿಯ ಲೆಕ್ಕದಲ್ಲಿ ಅತ್ಯುತ್ತಮ ಯಂತ್ರವೇ ಶೇಕಡಾ 27ರಷ್ಟು ತಪ್ಪಿತು. ಕಳಪೆಯದು ಶೇಕಡಾ 93. ಇಷ್ಟು ವ್ಯತ್ಯಾಸದ ಲೆಕ್ಕಪತ್ರವನ್ನು ಯಾವ ಲೆಕ್ಕಪರಿಶೋಧಕನೂ ಸಹಿ ಹಾಕಿ ಕೊಡಲಾರ. ಅದನ್ನು ನಂಬಿ ಎರಡು ಹೋಳಿಗೆ ಹೆಚ್ಚು ತಿನ್ನುವವರ ಧೈರ್ಯ ಮೆಚ್ಚತಕ್ಕದ್ದು.

ಹಾಗೆಂದು ಯಂತ್ರವೇ ನಿರುಪಯುಕ್ತವೆಂದು ಸಾರುವುದು ಅನ್ಯಾಯ. ಆ್ಯಪಲ್ ಸಂಸ್ಥೆಯ ನೆರವಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಹೃದಯ ಅಧ್ಯಯನದಲ್ಲಿ 4,19,297 ಜನ ಭಾಗವಹಿಸಿದ್ದರು. ಅವರಲ್ಲಿ ಗಡಿಯಾರದಿಂದ 'ನಾಡಿ ಕ್ರಮ ತಪ್ಪಿದೆ' ಎಂಬ ಸೂಚನೆ ಬಂದದ್ದು 2,161 ಜನರಿಗೆ, ಅಂದರೆ ಶೇಕಡಾ 0.52. ಸೂಚನೆ ಬಂದವರ ಪೈಕಿ ಎದೆಗೆ ಪಟ್ಟಿ ಅಂಟಿಸಿಕೊಂಡು ಮುಂದಿನ ಪರೀಕ್ಷೆ ಪೂರೈಸಿದವರಲ್ಲಿ ಶೇಕಡಾ 34ರಷ್ಟು ಜನರಿಗೆ ಹೃದಯದ ಮೇಲ್ಕೋಣೆಗಳ ಅಡ್ಡಾದಿಡ್ಡಿ ಬಡಿತ ಇದ್ದುದು ಕಂಡುಬಂತು. ಪಾರ್ಶ್ವವಾಯುವಿಗೆ ದಾರಿಮಾಡುವ ಈ ತೊಂದರೆ ಬಂದು ಹೋಗುವ ಸ್ವಭಾವದ್ದು. ಒಮ್ಮೆ ಸೂಚನೆ ಬಂದವರು ವೈದ್ಯರನ್ನು ಕಾಣುವುದೇ ಲೇಸು. ಉಪಕಾರ ಇರುವುದರಿಂದಲೇ ಪ್ರಶ್ನೆ ಗಂಭೀರವಾಗುತ್ತದೆ. ಉಪಯೋಗವಿಲ್ಲದ ವಸ್ತುವನ್ನು ಬಿಸುಡುವುದು ಸುಲಭ.

ಈಗ ಅಂಕಿಯ ಪ್ರಯಾಣಕ್ಕೆ ಬರೋಣ. 2017ರ ನವೆಂಬರಿನಲ್ಲಿ ಸ್ಟ್ರಾವಾ ಎಂಬ ವ್ಯಾಯಾಮದ ಆ್ಯಪ್ ತನ್ನ ಬಳಕೆದಾರರೆಲ್ಲರ ಓಟ, ನಡಿಗೆಗಳ ಹಾದಿಯನ್ನು ಒಟ್ಟುಗೂಡಿಸಿ ಜಗತ್ತಿನ ನಕ್ಷೆಯೊಂದನ್ನು ಪ್ರಕಟಿಸಿತು. ಯಾರ ಹೆಸರೂ ಅದರಲ್ಲಿರಲಿಲ್ಲ. 2018ರ ಜನವರಿಯಲ್ಲಿ ಆಸ್ಟ್ರೇಲಿಯದ ವಿದ್ಯಾರ್ಥಿ ನೇಥನ್ ರೂಸರ್ ಆ ನಕ್ಷೆಯನ್ನು ಹಿಗ್ಗಿಸಿ ನೋಡಿ, ಅಫ್ಘಾನಿಸ್ತಾನ, ಸಿರಿಯಾದಂಥ ಕಡೆಗಳ ಕತ್ತಲೆಯ ನಡುವೆ ಬೆಳಗುತ್ತಿದ್ದ ಗೆರೆಗಳು ಸೇನಾ ನೆಲೆಗಳೆಂದು ತೋರಿಸಿದ. ಸೈನಿಕರು ಬೆಳಗಿನ ಓಟಕ್ಕೆ ಕಟ್ಟಿಕೊಂಡಿದ್ದ ಯಂತ್ರಗಳೇ ನೆಲೆಯ ಬೇಲಿ, ಒಳದಾರಿಗಳನ್ನು ಬಿಡಿಸಿಟ್ಟಿದ್ದವು. ಗಮನಿಸತಕ್ಕ ಅಂಶ ಇದು: ಪ್ಯಾರಿಸ್ ಅಥವಾ ನ್ಯೂಯಾರ್ಕಿನಲ್ಲಿ ಲಕ್ಷಾಂತರ ಜನರ ಹಾದಿ ಒಂದರ ಮೇಲೊಂದು ಬಿದ್ದು ಯಾರೂ ಕಾಣುತ್ತಿರಲಿಲ್ಲ. ಜನ ವಿರಳವಾದಲ್ಲಿ ಮಾತ್ರ ಪ್ರತಿಯೊಂದು ಗೆರೆಯೂ ಮಾತಾಡಿತು.

ಅಂಕಿಗೆ ಒಡೆಯರೂ ಬದಲಾಗುತ್ತಾರೆ. ಫಿಟ್‌ಬಿಟ್ ಸಂಸ್ಥೆಯನ್ನು ಸುಮಾರು 210 ಕೋಟಿ ಡಾಲರಿಗೆ ಕೊಳ್ಳುವುದಾಗಿ ಗೂಗಲ್ 2019ರಲ್ಲಿ ಪ್ರಕಟಿಸಿ, 2021ರ ಜನವರಿಯಲ್ಲಿ ಖರೀದಿಯನ್ನು ಮುಗಿಸಿತು. ಆರೋಗ್ಯದ ಮಾಹಿತಿಯನ್ನು ಜಾಹೀರಾತಿಗೆ ಬಳಸುವುದಿಲ್ಲವೆಂದು ಗೂಗಲ್ ಎಲ್ಲರಿಗೂ ಹೇಳಿದೆ. ಆದರೆ ಕಾನೂನಿನ ಬಲವುಳ್ಳ ಹತ್ತು ವರ್ಷದ ಕಟ್ಟುಪಾಡನ್ನು ಅದು ಬರೆದುಕೊಟ್ಟದ್ದು ಯುರೋಪಿಯನ್ ಆಯೋಗಕ್ಕೆ, ಯುರೋಪಿನ ಬಳಕೆದಾರರ ಸಲುವಾಗಿ. ಪುಣೆಯ ಬಳಕೆದಾರನ ಕೈಯಲ್ಲಿರುವುದು ಮಾತು, ಪತ್ರವಲ್ಲ. ಮಹಿಳೆಯರ ಋತುಚಕ್ರದ ದಿನಚರಿ ಇಡುವ ಫ್ಲೋ ಎಂಬ ಆ್ಯಪ್, ಗುಟ್ಟಾಗಿಡುವುದಾಗಿ ಭರವಸೆ ಕೊಟ್ಟ ಮೇಲೂ ಬಳಕೆದಾರರ ಆರೋಗ್ಯದ ಮಾಹಿತಿಯನ್ನು ಫೇಸ್‌ಬುಕ್, ಗೂಗಲ್ ಮೊದಲಾದವುಗಳ ವಿಶ್ಲೇಷಣಾ ವಿಭಾಗಗಳಿಗೆ ತಲುಪಿಸಿತೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಆರೋಪಿಸಿ, 2021ರಲ್ಲಿ ಆ ಸಂಸ್ಥೆಯೊಡನೆ ರಾಜಿ ಒಪ್ಪಂದ ಮಾಡಿಕೊಂಡಿತು. ತಾಯಿಗೂ ಹೇಳಲು ಸಂಕೋಚಪಡುವ ಸಂಗತಿಯನ್ನು ಹುಡುಗಿಯೊಬ್ಬಳು ಯಂತ್ರಕ್ಕೆ ಒಪ್ಪಿಸುವುದು, ಯಂತ್ರ ಆಡಿಕೊಳ್ಳುವುದಿಲ್ಲ ಎಂಬ ನಂಬಿಕೆಯಿಂದ.

'ಹೆಸರು ತೆಗೆದೇ ಹಂಚುತ್ತೇವೆ' ಎಂಬುದು ಇಂಥ ಎಲ್ಲ ಸಂಸ್ಥೆಗಳ ಸಮಾಧಾನದ ಮಾತು. ಅದರ ಬೆಲೆಯನ್ನು ತೋರಿಸಿಕೊಟ್ಟವರು ಲತಾನ್ಯಾ ಸ್ವೀನಿ. 1990ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯವು ತನ್ನ ನೌಕರರ ಆಸ್ಪತ್ರೆಯ ದಾಖಲೆಗಳನ್ನು, ಹೆಸರು ವಿಳಾಸ ಅಳಿಸಿ, ಸಂಶೋಧಕರಿಗೆ ಕೊಟ್ಟಿತು. ಗುಟ್ಟು ಕಾಯ್ದಿದೆಯೆಂದು ರಾಜ್ಯಪಾಲ ವಿಲಿಯಂ ವೆಲ್ಡ್ ಅಭಯ ನೀಡಿದ್ದರು. ಆಗ ಎಂ.ಐ.ಟಿ.ಯಲ್ಲಿ ವಿದ್ಯಾರ್ಥಿನಿಯಾಗಿದ್ದ ಸ್ವೀನಿ 20 ಡಾಲರ್ ತೆತ್ತು ಕೇಂಬ್ರಿಜ್ ಪಟ್ಟಣದ ಮತದಾರರ ಪಟ್ಟಿಯನ್ನು ಕೊಂಡರು. ರಾಜ್ಯಪಾಲರು ವಾಸವಿದ್ದ ಆ ಪಟ್ಟಣದಲ್ಲಿ ಅವರ ಜನ್ಮದಿನಾಂಕವುಳ್ಳವರು ಆರೇ ಜನ. ಅವರಲ್ಲಿ ಗಂಡಸರು ಮೂವರು. ಅವರ ಅಂಚೆ ಸಂಖ್ಯೆಯಲ್ಲಿ ಇದ್ದವರು ಒಬ್ಬರೇ. ಹೆಸರಿಲ್ಲದ ಕಡತದಲ್ಲಿ ರಾಜ್ಯಪಾಲರ ಕಾಯಿಲೆ, ಔಷಧಗಳೆಲ್ಲ ಹೆಸರು ಸಹಿತ ಎದ್ದು ನಿಂತವು. ಜನ್ಮದಿನಾಂಕ, ಲಿಂಗ, ಅಂಚೆ ಸಂಖ್ಯೆ ಈ ಮೂರೇ ಸಾಕು, ಅಮೆರಿಕನರಲ್ಲಿ ಶೇಕಡಾ 87ರಷ್ಟು ಜನರನ್ನು ಒಬ್ಬೊಬ್ಬರನ್ನಾಗಿ ಬೇರ್ಪಡಿಸಬಹುದು ಎಂದು ಅವರು 2000ದಲ್ಲಿ ಅಂದಾಜಿಸಿದರು.

ಈ ಪ್ರಸಂಗದಲ್ಲಿ ಕಡತಗಳು ಎರಡು. ಒಂದರಲ್ಲಿ ಕಾಯಿಲೆಯಿದೆ, ಹೆಸರಿಲ್ಲ. ಇನ್ನೊಂದರಲ್ಲಿ ಹೆಸರಿದೆ, ಕಾಯಿಲೆಯಿಲ್ಲ. ಎರಡೂ ಬೇರೆ ಬೇರೆಯಾಗಿ ನಿರುಪದ್ರವಿ. ಲೆಕ್ಕಿಗರು ರೋಕಡಿಯನ್ನೂ ಬ್ಯಾಂಕಿನ ಪಾಸ್‌ಬುಕ್ಕನ್ನೂ ಎದುರುಬದುರು ಇಟ್ಟು ತಾಳೆ ನೋಡುವಂತೆ ಯಾರಾದರೂ ಇವೆರಡನ್ನು ತಾಳೆ ನೋಡಿದ ಕ್ಷಣ ಗುಟ್ಟು ಬಯಲು. ಹಾಗಾದರೆ ಪ್ರವಾಸಿ ಕನ್ನಡ ಜೈನ ಕುಟುಂಬಗಳ ಪಾಲಿಗೆ ಆ ಎರಡನೆಯ ಕಡತ ಯಾವುದು?

ಉತ್ತರ ಬಹುತೇಕ ಮನೆಗಳ ಫೋನಿನಲ್ಲೇ ಇದೆ. ಅದು ಸಮಾಜದ ಕುಟುಂಬ ಡೈರೆಕ್ಟರಿ. ಹೆಸರು, ಮನೆತನ, ಮೂಲ ಊರು, ಪ್ರತಿಯೊಬ್ಬ ಸದಸ್ಯನ ಜನ್ಮದಿನಾಂಕ, ರಕ್ತದ ಗುಂಪು, ಶಿಕ್ಷಣ, ಉದ್ಯೋಗ, ಫೋನು, ಪಿನ್‌ಕೋಡು ಸಹಿತ ಪೂರ್ಣ ವಿಳಾಸ. ಕೆಲವು ಕಡೆ ವಿವಾಹಯೋಗ್ಯರ ಎತ್ತರ, ತೂಕ, ಭಾವಚಿತ್ರ. ಸ್ವೀನಿಯವರು ಹಣ ತೆತ್ತು ಕೊಂಡದ್ದಕ್ಕಿಂತ ಹೆಚ್ಚು ಸಂಪನ್ನವಾದ ಪಟ್ಟಿಯನ್ನು ಉತ್ಸಾಹಿ ಕಾರ್ಯದರ್ಶಿಗಳು ಪಿಡಿಎಫ್ ಮಾಡಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಉಚಿತವಾಗಿ ಹಂಚುತ್ತಾರೆ. ಉದ್ದೇಶ ನಿರ್ಮಲವಾದುದೇ. ಹೊಸ ಊರಿಗೆ ಬಂದ ಕುಟುಂಬಕ್ಕೆ ಇನ್ನೊಂದು ಕುಟುಂಬ ಸಿಗಲಿ, ತುರ್ತಿಗೆ ರಕ್ತ ಸಿಗಲಿ, ಸಂಬಂಧಗಳು ಕೂಡಲಿ ಎಂಬ ಆಸೆಯಿಂದ ಹುಟ್ಟಿದ ಪುಸ್ತಕ ಅದು. ಅದರ ಹಿಂದೆ ಮನೆ ಮನೆ ಅಲೆದ ಹಿರಿಯರ ಚಪ್ಪಲಿ ಸವೆದಿದೆ.

ಆದರೆ ಸಂಖ್ಯೆಯ ವಾಸ್ತವವನ್ನು ಮರೆಯಲಾಗದು. 2011ರ ಜನಗಣತಿಯಂತೆ ಇಡೀ ಭಾರತದಲ್ಲಿ ಜೈನರು ಸುಮಾರು 44.5 ಲಕ್ಷ, ಜನಸಂಖ್ಯೆಯ ಶೇಕಡಾ 0.4ರಷ್ಟೂ ಇಲ್ಲ, ಕರ್ನಾಟಕದಲ್ಲಿ ಸುಮಾರು 4.4 ಲಕ್ಷ. ಆ ಕರ್ನಾಟಕದವರಲ್ಲಿ ಹೊರಗೆ ಹೋಗಿ ನೆಲೆಸಿದವರು, ಅವರಲ್ಲಿ ಹೈದರಾಬಾದಿನಲ್ಲಿ, ಅದರಲ್ಲೂ ಒಂದು ಪಿನ್‌ಕೋಡಿನಲ್ಲಿ ಇರುವವರು ಎಷ್ಟು ಕುಟುಂಬ? ಬೆರಳೆಣಿಕೆ. 'ಕನ್ನಡ ಮಾತೃಭಾಷೆ, ಜೈನ, ಸ್ತ್ರೀ, 26 ವರ್ಷ, ಈ ಪಿನ್‌ಕೋಡು' ಎಂದರೆ ಸಾಕು, ಹೆಸರು ಬರೆಯುವ ಅಗತ್ಯವೇ ಇಲ್ಲ. ದೊಡ್ಡ ಸಮುದಾಯದ ಮನುಷ್ಯನಿಗೆ ಜನಸಂದಣಿಯೇ ಪರದೆ. ಸಣ್ಣ ಸಮುದಾಯಕ್ಕೆ ಆ ಪರದೆಯಿಲ್ಲ. ಮರುಭೂಮಿಯಲ್ಲಿ ಬೆಳಗಿದ ಆ ಓಟದ ಗೆರೆಗಳಂತೆ ಅದು ಎದ್ದು ಕಾಣುತ್ತದೆ.

ಸಣ್ಣ ಸಮುದಾಯವೆಂಬ ಕಾರಣಕ್ಕೇ ಗುರಿಯಾಗುವ ಸಂದರ್ಭವೂ ಉಂಟು. ಎಂಜಲಿನ ಮಾದರಿ ಪಡೆದು ವಂಶವಾಹಿ ಪರೀಕ್ಷಿಸಿಕೊಡುವ ಅಮೆರಿಕದ 23ಆ್ಯಂಡ್‌ಮಿ ಸಂಸ್ಥೆಯಲ್ಲಿ 2023ರಲ್ಲಿ ಕಳ್ಳರು ನೇರವಾಗಿ ಒಳಹೊಕ್ಕದ್ದು ಸುಮಾರು 14,000 ಖಾತೆಗಳಿಗೆ, ಬೇರೆಡೆ ಸೋರಿದ್ದ ಹಳೆಯ ಪಾಸ್‌ವರ್ಡುಗಳ ಬಲದಿಂದ. ಆದರೆ ಬಂಧುಗಳನ್ನು ಹುಡುಕಿಕೊಡುವ ಸೌಲಭ್ಯದ ಕೊಂಡಿ ಹಿಡಿದು ಅವರು ತಲುಪಿದ್ದು ಸುಮಾರು 69 ಲಕ್ಷ ಜನರ ಮಾಹಿತಿಯನ್ನು. ಕದ್ದ ಮಾಲಿನಿಂದ ಅವರು ಮೊದಲು ಹೊರಗಿಟ್ಟದ್ದು ಅಶ್ಕೆನಾಜಿ ಯಹೂದಿ ಮೂಲದವರ ಪಟ್ಟಿಯನ್ನು. 2025ರ ಮಾರ್ಚಿನಲ್ಲಿ ಆ ಸಂಸ್ಥೆ ದಿವಾಳಿ ಅರ್ಜಿ ಹಾಕಿತು. ಸುಮಾರು ಒಂದೂವರೆ ಕೋಟಿ ಗ್ರಾಹಕರ ವಂಶವಾಹಿ ಮಾಹಿತಿ ಕುರ್ಚಿ, ಮೇಜುಗಳ ಜೊತೆಗೆ ಆಸ್ತಿಯ ಪಟ್ಟಿ ಸೇರಿ ಹರಾಜಿಗೆ ನಿಂತಿತು, ಕೊನೆಗೆ 30.5 ಕೋಟಿ ಡಾಲರಿಗೆ, ಸಂಸ್ಥಾಪಕಿಯೇ ಮುನ್ನಡೆಸುವ ಲಾಭರಹಿತ ಸಂಸ್ಥೆಯ ಪಾಲಾಯಿತು. ಒಬ್ಬ ಅಣ್ಣ ಕುತೂಹಲದಿಂದ ಎಂಜಲು ಕಳಿಸಿದರೆ ತಂಗಿಯ, ಅವಳ ಹುಟ್ಟದ ಮಕ್ಕಳ ಮಾಹಿತಿಯ ಒಂದು ಪಾಲೂ ಹೋಯಿತೆಂದೇ ಲೆಕ್ಕ. ತಂಗಿಯ ಸಹಿ ಕೇಳಿದವರಿಲ್ಲ. ಒಳಗೊಳಗೇ ಸಂಬಂಧ ಬೆಳೆಸುವ ಸಮಾಜಗಳಲ್ಲಿ ಈ ಪಾಲುದಾರಿಕೆ ಇನ್ನೂ ಗಟ್ಟಿ.

ಸಮುದಾಯದ ವಂಶವಾಹಿ ಜ್ಞಾನವೇ ಕೆಟ್ಟದ್ದೆಂದಲ್ಲ. ದಕ್ಷಿಣದ ವೈಶ್ಯ ಸಮುದಾಯದ ಕೆಲವು ಕುಟುಂಬಗಳಲ್ಲಿ ಒಂದು ಕಿಣ್ವದ ಕೊರತೆ ವಂಶಪಾರಂಪರ್ಯವಾಗಿದೆ. ಶಸ್ತ್ರಕ್ರಿಯೆಗೆ ಮುನ್ನ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲೀನ್ ಎಂಬ ಔಷಧ ಅಂಥವರಲ್ಲಿ ಕೆಲವೇ ನಿಮಿಷಗಳ ಬದಲು ಗಂಟೆಗಟ್ಟಲೆ ಉಳಿದು ಉಸಿರಾಟವನ್ನೇ ತಡೆಯಬಲ್ಲದು. ಇದನ್ನು ಅರಿತ ಅರಿವಳಿಕೆ ತಜ್ಞರು ಮುಂಚೆಯೇ ಎಚ್ಚರ ವಹಿಸುತ್ತಾರೆ. ಅದೇ ಮಾಹಿತಿ ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಪ್ರಾಣ ಉಳಿಸುತ್ತದೆ, ಸಂಬಂಧ ಕುದುರಿಸುವ ಜಗಲಿಯಲ್ಲಿ ಕಳಂಕವಾಗುತ್ತದೆ. ಮಾಹಿತಿ ಯಾರ ಕೈಯಲ್ಲಿ, ಯಾವ ಕೆಲಸಕ್ಕೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಜಗಲಿಯ ಮಾತು ಬಂದದ್ದರಿಂದ ಆರೋಗ್ಯ ಶಿಬಿರಗಳ ವಿಷಯ. ಮಹಾವೀರ ಜಯಂತಿಗೋ ವಾರ್ಷಿಕೋತ್ಸವಕ್ಕೋ ಉಚಿತ ತಪಾಸಣೆ ನಡೆಯುತ್ತದೆ. ಇನ್ನೂರು ಜನರ ಸಕ್ಕರೆ, ಥೈರಾಯ್ಡ್, ಹಿಮೋಗ್ಲೋಬಿನ್ ಅಳೆದ ಪ್ರಯೋಗಾಲಯವು ಒಂದೇ ಎಕ್ಸೆಲ್ ಹಾಳೆಯನ್ನು ಸಂಘಟಕರಿಗೆ ಕಳಿಸುತ್ತದೆ. ಒಬ್ಬೊಬ್ಬರಿಗೆ ಬೇರೆ ಬೇರೆ ಕಳಿಸುವ ತಾಪತ್ರಯ ತಪ್ಪಲೆಂದು ಸಂಘಟಕರು ಇಡೀ ಹಾಳೆಯನ್ನೇ ಗುಂಪಿಗೆ ಹಾಕಿ, 'ತಮ್ಮ ತಮ್ಮ ಹೆಸರು ನೋಡಿಕೊಳ್ಳಿ' ಎನ್ನುತ್ತಾರೆ. ಅಂಥ ಹಾಳೆಯಲ್ಲಿ ಜನ ಮೊದಲು ನೋಡುವುದು ತಮ್ಮ ಹೆಸರನ್ನೇ ಎಂದು ನಂಬುವವರು ಸಜ್ಜನರು. ಮೂರು ವರ್ಷದ ಬಳಿಕ ಹೆಣ್ಣು ನೋಡಲು ಬಂದವರು, ಯಾರೂ ಹೇಳದ ಥೈರಾಯ್ಡ್ ಮಾತ್ರೆಯ ಪ್ರಸ್ತಾಪ ಎತ್ತಿದರೆ ಅದು ಎಲ್ಲಿಂದ ಬಂತೆಂದು ಮನೆಯವರು ಪಂಚಾಂಗ ತಿರುವಬೇಕಾಗಿಲ್ಲ. ಈ ಭಾರ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳ ಮೇಲೆ ಎಷ್ಟು ಪಟ್ಟು ಹೆಚ್ಚು ಬೀಳುತ್ತದೆ ಎಂಬುದಕ್ಕೆ ಸಭೆಯಲ್ಲಿರುವ ತಾಯಂದಿರಿಗಿಂತ ಬೇರೆ ಸಾಕ್ಷಿ ಬೇಡ.

'ಮುಚ್ಚಿಡುವಂಥದ್ದು ಏನಿದೆ, ಎಲ್ಲರೂ ಒಂದೇ ಮನೆಯವರಲ್ಲವೇ' ಎಂಬ ಆಕ್ಷೇಪ ಹಿರಿಯರಿಂದ ಬರುವುದು ಸಹಜ. ಪ್ರಾಮಾಣಿಕ ವ್ಯಾಪಾರಿಯ ಖಾತೆಪುಸ್ತಕದಲ್ಲಿ ಮುಚ್ಚಿಡುವಂಥದ್ದು ಏನೂ ಇರುವುದಿಲ್ಲ. ಆದರೂ ಅವನು ಅದನ್ನು ಅಂಗಡಿಯ ಕಟ್ಟೆಯ ಮೇಲೆ ತೆರೆದಿಡುವುದಿಲ್ಲ. ತೆರಿಗೆ ಅಧಿಕಾರಿ ಕೇಳಿದರೆ ತೋರಿಸುತ್ತಾನೆ, ಪಾಲುದಾರನಿಗೆ ತೋರಿಸುತ್ತಾನೆ. ಮದುವೆಯ ಮಾತುಕತೆಯಲ್ಲೂ ಹಾಗೆಯೇ. ತಿಳಿಸಬೇಕಾದ ಕಾಯಿಲೆಯನ್ನು ಮರೆಮಾಚಿ ಮದುವೆ ಮಾಡುವುದು ವಂಚನೆ, ಅದಕ್ಕೆ ಖಾಸಗಿತನದ ಹೆಸರು ಕೊಡುವುದು ಇನ್ನೊಂದು ವಂಚನೆ. ಹೇಳಬೇಕಾದವರು ಸಂಬಂಧಪಟ್ಟವರು, ಹೇಳಬೇಕಾದದ್ದು ಎದುರಿನ ಮನೆಗೆ. ನಾಲ್ಕುನೂರು ಫೋನುಗಳಿಗೆ ಅಲ್ಲ.

ಖಾಸಗಿತನ ಮೂಲಭೂತ ಹಕ್ಕೆಂದು 2017ರ ಆಗಸ್ಟ್ 24ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಸಾರಿದ ತೀರ್ಪು ಕನ್ನಡಿಗರ ಹೆಸರಿನಲ್ಲೇ ಇದೆ. ಅರ್ಜಿದಾರರಾದ ಕೆ.ಎಸ್. ಪುಟ್ಟಸ್ವಾಮಿಯವರು ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿಗಳು. ಆಧಾರ್ ವಿರುದ್ಧ ನ್ಯಾಯಾಲಯಕ್ಕೆ ಹೋದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. ಅದರ ಫಲವಾಗಿ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಬಗ್ಗೆ ಹೊಗಳಿಕೆ ಕಡಿಮೆಯೇ ಸಾಕು. ಆರೋಗ್ಯದ ಮಾಹಿತಿಗೆ ಅದು ಪ್ರತ್ಯೇಕ ಸೂಕ್ಷ್ಮ ವರ್ಗವನ್ನು ಕಲ್ಪಿಸಿಲ್ಲ. ಸರ್ಕಾರವು ತನ್ನ ಅಂಗಸಂಸ್ಥೆಗಳಿಗೆ ವಿನಾಯಿತಿ ಕೊಟ್ಟುಕೊಳ್ಳುವ ಬಾಗಿಲನ್ನು ಧಾರಾಳವಾಗಿ ತೆರೆದಿಟ್ಟಿದೆ. ಪ್ರಜೆಯ ಗುಟ್ಟನ್ನು ವ್ಯಾಪಾರಿಯಿಂದ ಕಾಯುವ ರಾಜ್ಯ, ತನ್ನಿಂದ ಕಾಯಲು ಮನಸ್ಸು ಮಾಡಿಲ್ಲ.

ಆದರೂ ಅದರ ಎರಡು ಅಂಶ ಇಲ್ಲಿಗೆ ನೇರವಾಗಿ ಸಂಬಂಧಿಸಿವೆ. ವ್ಯಕ್ತಿಯೊಬ್ಬ ತನ್ನ ಸ್ವಂತ ಅಥವಾ ಮನೆಯ ಕೆಲಸಕ್ಕೆ ಇಟ್ಟುಕೊಂಡ ಮಾಹಿತಿಗೆ ಕಾಯ್ದೆ ಅನ್ವಯಿಸದು. ಅತ್ತೆಯ ರಕ್ತದೊತ್ತಡವನ್ನು ಸೊಸೆ ಫೋನಿನಲ್ಲಿ ಬರೆದಿಟ್ಟರೆ ತೊಂದರೆಯಿಲ್ಲ. ಆದರೆ ಸಂಘ, ಟ್ರಸ್ಟು, ಮಂಡಳಿ ಇವು ಮನೆಯಲ್ಲ. ನೋಂದಣಿಯಾಗಿರಲಿ ಬಿಡಲಿ, ವ್ಯಕ್ತಿಗಳ ಕೂಟವೂ ಕಾಯ್ದೆಯ ಕಣ್ಣಿನಲ್ಲಿ ಹೊಣೆಗಾರ. ಅದು ಡಿಜಿಟಲ್ ರೂಪದಲ್ಲಿ ಸದಸ್ಯರ ಮಾಹಿತಿ ಇಟ್ಟರೆ, ಯಾವ ಉದ್ದೇಶಕ್ಕೆಂದು ತಿಳಿಸಿ ಒಪ್ಪಿಗೆ ಪಡೆಯಬೇಕು. ಕೊಟ್ಟಷ್ಟೇ ಸುಲಭವಾಗಿ ಒಪ್ಪಿಗೆ ಹಿಂಪಡೆಯಲು ಅವಕಾಶವಿರಬೇಕು. ಹದಿನೆಂಟು ತುಂಬದ ಮಕ್ಕಳಿಗೆ ತಂದೆತಾಯಿಯ ಒಪ್ಪಿಗೆ ಪರಿಶೀಲಿಸಿ ಪಡೆಯಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಮುಖ್ಯ ಕರ್ತವ್ಯಗಳು ಜಾರಿಗೆ ಬರಲು ಹದಿನೆಂಟು ತಿಂಗಳ ಗಡುವಿದೆ. ಮಾಹಿತಿ ಸೋರದಂತೆ ಕಾಯುವ ಹೊಣೆ ತಪ್ಪಿದವರಿಗೆ ದಂಡದ ಮೇಲ್ಮಿತಿ 250 ಕೋಟಿ ರೂಪಾಯಿ. ಸಂಘಗಳ ಮೇಲೆ ಅಂಥ ದಂಡ ಬೀಳುವ ಸಂಭವ ಕಡಿಮೆ. ದಂಡಕ್ಕೆ ಹೆದರಿ ಮಾಡುವ ಕೆಲಸವೂ ಇದಲ್ಲ.

ವಿಮೆಯ ಬಗ್ಗೆ ಒಂದೇ ಮಾತು. ಹೆಜ್ಜೆಯ ಲೆಕ್ಕ ಒಪ್ಪಿಸಿದರೆ ನವೀಕರಣದ ಕಂತಿನಲ್ಲಿ ರಿಯಾಯಿತಿ ಕೊಡುವ ಆರೋಗ್ಯ ವಿಮೆಗಳು ಬಂದಿವೆ. ಲಾಭ ಪಡೆಯಬಹುದು, ಆದರೆ ಗಡಿಯಾರದ ಎಲ್ಲ ಮಾಹಿತಿಗೆ ಅನುಮತಿ ಕೊಡದೆ ಹೆಜ್ಜೆಗೆ ಮಾತ್ರ ಕೊಡುವ ಆಯ್ಕೆ ಫೋನಿನಲ್ಲಿ ಇರುತ್ತದೆ, ಅದನ್ನು ಹುಡುಕಬೇಕು. ಪ್ರಸ್ತಾವನೆ ಪತ್ರದಲ್ಲಿ ಕೇಳಿದ ಕಾಯಿಲೆಯನ್ನು ಮಾತ್ರ ಎಂದೂ ಮರೆಮಾಡಬಾರದು. 60 ತಿಂಗಳು ಸತತ ನಡೆದ ಆರೋಗ್ಯ ಪಾಲಿಸಿಯನ್ನು, ವಂಚನೆ ಸಾಬೀತಾದ ಹೊರತು, ಮಾಹಿತಿ ಮರೆಮಾಚಿದ ಕಾರಣಕ್ಕೆ ಪ್ರಶ್ನಿಸುವಂತಿಲ್ಲ ಎಂಬ ನಿಯಮವಿದ್ದರೂ, ಆ ಐದು ವರ್ಷದೊಳಗೆ ಬರುವ ಆಸ್ಪತ್ರೆಯ ಬಿಲ್ಲು ಸಣ್ಣದಿರುತ್ತದೆಂಬ ಖಾತರಿ ಯಾರೂ ಕೊಡಲಾರರು.

ಸಂಘಗಳು ಮಾಡಬಹುದಾದ ಕೆಲಸ ಹೆಚ್ಚು ಖರ್ಚಿನದಲ್ಲ. ಡೈರೆಕ್ಟರಿಯಲ್ಲಿ ಹೆಸರು, ಊರು, ಮನೆಯ ಒಬ್ಬರ ಫೋನು ಇದ್ದರೆ ಕುಟುಂಬ ಕುಟುಂಬವನ್ನು ಹುಡುಕಿಕೊಳ್ಳುತ್ತದೆ. ಜನ್ಮದಿನಾಂಕ ಬೇಡ; ಹುಟ್ಟುಹಬ್ಬದ ಶುಭಾಶಯ ಕಳಿಸುವ ಹಂಬಲವಿದ್ದರೆ ದಿನ, ತಿಂಗಳು ಸಾಕು, ವರ್ಷ ಬೇಡ. ರಕ್ತದಾನಿಗಳ ಪಟ್ಟಿ ಬೇರೆ, ಅದು ಇಬ್ಬರು ಕಾರ್ಯಕರ್ತರ ಬಳಿ ಇರಲಿ. ತುರ್ತಿನಲ್ಲಿ ಜನ ಫೋನು ಮಾಡುವುದು ಅವರಿಗೇ, ಪಿಡಿಎಫ್‌ಗೆ ಅಲ್ಲ. ವಿವಾಹಯೋಗ್ಯರ ವಿವರವನ್ನು ಆ ಯುವಕ ಯುವತಿಯರೇ ಒಪ್ಪಿ ಕೊಡಬೇಕು. ತಂದೆ ಕೊಟ್ಟರೆ ಸಾಲದು. ಸಂಬಂಧ ಕೂಡಿದ ದಿನವೇ ಅದನ್ನು ತೆಗೆಯಬೇಕು. ಶಿಬಿರದ ವರದಿ ಪ್ರಯೋಗಾಲಯದಿಂದ ನೇರವಾಗಿ ಪರೀಕ್ಷೆ ಮಾಡಿಸಿಕೊಂಡವರ ಫೋನಿಗೆ ಹೋಗಬೇಕು, ಸಂಘಟಕರ ಕೈಗೆ ಬರಲೇಬಾರದು. ಇದನ್ನು ಪ್ರಯೋಗಾಲಯದೊಡನೆ ಮಾಡಿಕೊಳ್ಳುವ ಒಪ್ಪಂದದಲ್ಲೇ ಒಂದು ಸಾಲಿನಲ್ಲಿ ಬರೆಸಬಹುದು. ಸಂಘಕ್ಕೆ ಬೇಕಾದದ್ದು ಎಷ್ಟು ಜನರಿಗೆ ರಕ್ತಹೀನತೆ ಇದೆ ಎಂಬ ಮೊತ್ತ ಮಾತ್ರ; ಅದೂ ಐದಾರು ಜನರ ಊರಿನ ಮೊತ್ತವಾದರೆ ಪ್ರಕಟಿಸದಿರುವುದು ಲೇಸು.

ಮನೆಯೊಳಗಿನ ಕೆಲಸ ಇನ್ನಷ್ಟು ಸೂಕ್ಷ್ಮ. ಅನೇಕ ಮನೆಗಳಲ್ಲಿ ಎಲ್ಲರ ಗಡಿಯಾರಗಳೂ ಮಗನ ಫೋನಿನ ಒಂದೇ ಖಾತೆಗೆ ಜೋಡಣೆಯಾಗಿವೆ. ವೃದ್ಧ ತಂದೆ ಬಿದ್ದರೆ ತಿಳಿಯಲೆಂದು ಮಾಡಿದ ಏರ್ಪಾಡು ಒಳ್ಳೆಯದೇ. ಆದರೆ ಅದನ್ನು ತಂದೆಗೆ ಹೇಳಿದ್ದಾರೆಯೇ? ಸೊಸೆ ಎಷ್ಟು ಹೊತ್ತು ಮಲಗಿದಳು, ಎಲ್ಲಿಗೆ ನಡೆದಳು ಎಂಬ ಲೆಕ್ಕ ಅದೇ ಪರದೆಯಲ್ಲಿ ಮೂಡುತ್ತಿದ್ದರೆ ಅವಳಿಗೆ ಅದರ ಅರಿವಿದೆಯೇ? ಪ್ರತಿ ವಯಸ್ಕರಿಗೂ ಅವರದೇ ಖಾತೆ, ಅವರದೇ ಪಾಸ್‌ವರ್ಡು ಮಾಡಿಕೊಡಲು ಒಂದು ಭಾನುವಾರದ ಮಧ್ಯಾಹ್ನ ಸಾಕು.

ಇನ್ನು ಈಗಾಗಲೇ ಚಲಾವಣೆಯಲ್ಲಿರುವ ಹಳೆಯ ಪಿಡಿಎಫ್‌ಗಳ ಪ್ರಶ್ನೆ. ಹೊರಹೋದ ಬಾಣವನ್ನು ಪೂರ್ತಿ ಹಿಂದೆಗೆಯಲಾಗದು. ಆದರೆ ಸಮಾಜಗಳ ಜಾಲತಾಣದಲ್ಲಿ ತೂಗುಬಿಟ್ಟ ಪ್ರತಿಗಳನ್ನು ತೆಗೆಯಬಹುದು, ಗುಂಪುಗಳ ನಿರ್ವಾಹಕರು ಹಳೆಯ ಕಡತಗಳನ್ನು ಅಳಿಸಿ ಸದಸ್ಯರಿಗೂ ಅಳಿಸಲು ಕೋರಬಹುದು. ಮುಂದಿನ ಆವೃತ್ತಿಗೆ ಮಾಹಿತಿ ಸಂಗ್ರಹಿಸುವ ಅರ್ಜಿ ನಮೂನೆ ಅನೇಕ ಸಂಘಗಳಲ್ಲಿ ಹತ್ತು ವರ್ಷದ ಹಿಂದಿನದೇ ಇದೆ; ಅದು ಅಚ್ಚಿಗೆ ಹೋಗುವ ಮುನ್ನ ಕಾರ್ಯಕಾರಿ ಸಮಿತಿಯ ಮೇಜಿನ ಮೇಲೆ ಬರಲಿ. ಆ ಸಭೆಗೆ ಇಬ್ಬರು ಯುವತಿಯರನ್ನು ಕರೆದು, ಪ್ರತಿಯೊಂದು ಕಾಲಮ್ಮಿನ ಎದುರು ಇದು ಯಾವ ಕೆಲಸಕ್ಕೆ ಎಂದು ಕೇಳಿಸಲಿ. ಉತ್ತರ ಸಿಗದ ಕಾಲಮ್ಮುಗಳನ್ನು ಅಲ್ಲಿಯೇ ಹೊಡೆದುಹಾಕಲಿ.